ಗಣಕಯಂತ್ರದ ಪಾತ್ರಗಳಿಗೆ ಕಣ್ಣು, ಕಿವಿ ಮತ್ತು ಭಯ

೨೦೦೨ನೆಯ ಇಸವಿಯಲ್ಲಿ ತೆರೆಕಂಡ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಲಚ್ಚಿತ್ರಮಾಲೆಯ ಎರಡನೆಯ ಭಾಗದಲ್ಲಿ ಒಂದು ಕೋಟೆಯ ಮುತ್ತಿಗೆಯ ದೃಶ್ಯವಿದೆ. ಕಗ್ಗತ್ತಲೆ, ಸುರಿಯುವ ಮಳೆ, ಗೋಡೆಗೆ ಅಲೆಯಲೆಯಾಗಿ ಬಂದು ಅಪ್ಪಳಿಸುವ ಹತ್ತು ಸಾವಿರ ಶತ್ರುಸೈನಿಕರು. ಇವರಲ್ಲಿ ವೇಷ ಧರಿಸಿದ ನಟರು ಕೆಲವರು ಮಾತ್ರ. ಉಳಿದವರೆಲ್ಲ ಗಣಕಯಂತ್ರದೊಳಗೆ ಹುಟ್ಟಿದವರು. ಹಳೆಯ ಪದ್ಧತಿಯಲ್ಲಾಗಿದ್ದರೆ ಚಿತ್ರಕಾರರು ಒಬ್ಬೊಬ್ಬ ಸೈನಿಕನ ಒಂದೊಂದು ಹೆಜ್ಜೆಯನ್ನೂ ತಾವೇ ತಿದ್ದಿ ಜೋಡಿಸಬೇಕಾಗುತ್ತಿತ್ತು. ನ್ಯೂಜಿಲೆಂಡಿನ ಸ್ಟೀಫನ್ ರೆಗೆಲಸ್ ಎಂಬವರು ಬೇರೊಂದು ದಾರಿಯನ್ನು ಹಿಡಿದರು. ಅವರು ರಚಿಸಿದ ‘ಮ್ಯಾಸಿವ್’ ಎಂಬ ಪ್ರೋಗ್ರಾಮಿನಲ್ಲಿ ಪ್ರತಿಯೊಬ್ಬ ಸೈನಿಕನಿಗೂ ತಾನು ನಿಂತ ಸ್ಥಳದಿಂದ ನೋಡುವ ಒಂದು ಕಣ್ಣು, ಕೇಳುವ ಒಂದು ಕಿವಿ, ಕಂಡು ಕೇಳಿದ್ದನ್ನು ಆಧರಿಸಿ ಮುಂದೇನು ಮಾಡಬೇಕೆಂದು ಆರಿಸುವ ಒಂದು ಪುಟ್ಟ ಬುದ್ಧಿ ದೊರಕಿದ್ದವು. ಸೈನಿಕರನ್ನು ರಣರಂಗದಲ್ಲಿ ಬಿಟ್ಟುಬಿಟ್ಟರೆ ಸಾಕು, ಯುದ್ಧ ತಾನಾಗಿ ನಡೆಯುತ್ತಿತ್ತು.

ಆರಂಭದ ಒಂದು ಪರೀಕ್ಷೆಯಲ್ಲಿ ವಿಚಿತ್ರವೊಂದು ಕಾಣಿಸಿಕೊಂಡಿತು. ಎಲ್ಲರೂ ಕಾದಾಡುತ್ತಿರುವಾಗ ಕೆಲವರು ಮಾತ್ರ ರಣರಂಗಕ್ಕೆ ಬೆನ್ನು ತಿರುಗಿಸಿ ದೂರ ಓಡತೊಡಗಿದರು. ನೋಡಿದವರಿಗೆ ಆಶ್ಚರ್ಯ, ನಗೆ. ‘ಸಾವಿಗೆ ಹೆದರಿ ಪಲಾಯನ ಮಾಡುತ್ತಿದ್ದಾರೆ, ಇವರೇ ಬುದ್ಧಿವಂತರು’ ಎಂಬ ಮಾತು ಹುಟ್ಟಿ, ದೇಶದೇಶಗಳಲ್ಲಿ ಹರಡಿತು. ಆದರೆ ನಿಜವಾದ ಕಾರಣ ತೀರ ಸರಳವಾಗಿತ್ತು. ಆ ಸೈನಿಕರ ಮುಖ ಬೇರೊಂದು ದಿಕ್ಕಿಗಿತ್ತು. ಅವರ ಕಣ್ಣಿಗೆ ಶತ್ರುವೇ ಬಿದ್ದಿರಲಿಲ್ಲ. ಶತ್ರು ಕಂಡರೆ ಹೋರಾಡು, ಕಾಣದಿದ್ದರೆ ಮುಂದೆ ಓಡು, ಎಂಬುದಷ್ಟೇ ಅವರು ಬಲ್ಲ ವಿಧಿ. ಅದರಂತೆ ಅವರು ಮುಂದೆ ಓಡಿದರು, ಅಷ್ಟೆ. ಅವರಲ್ಲಿ ಭಯವೆಂಬ ಅಂಶವೇ ಕೆಲಸ ಮಾಡುತ್ತಿರಲಿಲ್ಲ. ಇದ್ದದ್ದು ಕಾಣದಿರುವಿಕೆ, ನೋಡಿದವರು ಅದನ್ನು ಭಯವೆಂದು ಓದಿಕೊಂಡರು.

ವಿದ್ಯಾರ್ಥಿಗಳೇ, ಗಣಕಯಂತ್ರದಲ್ಲಿ ಲೆಕ್ಕದಿಂದ ಹುಟ್ಟಿಸಿದ ಇಂತಹ ವ್ಯಕ್ತಿಗಳನ್ನು ಕೃತಕ ಪಾತ್ರಗಳೆಂದು ಕರೆಯೋಣ. ನೀವು ಆಡುವ ಆಟಗಳಲ್ಲಿ, ನೋಡುವ ಚಿತ್ರಗಳಲ್ಲಿ ಇವು ತುಂಬಿಕೊಂಡಿವೆ. ಇವುಗಳಿಗೆ ಇಂದ್ರಿಯಗಳನ್ನೂ ಭಾವಗಳನ್ನೂ ಕೊಡುವ ಬಗೆ ಹೇಗೆ, ಕೊಟ್ಟರೆ ಅವು ನಿಜವಾಗಿ ಏನನ್ನು ಪಡೆಯುತ್ತವೆ ಎಂಬುದನ್ನು ಇಲ್ಲಿ ತುಸು ವಿಚಾರಿಸೋಣ. ಇದು ಕೇವಲ ಮನೋರಂಜನೆಯ ವಿಷಯವೆಂದು ತಿಳಿಯಬೇಡಿರಿ. ನಮ್ಮ ಮುಂಬಯಿಯಂತಹ ನಗರದಲ್ಲಿ ಇದು ಜನರ ಪ್ರಾಣಕ್ಕೆ ಸಂಬಂಧಿಸಿದ ವಿಚಾರವೂ ಹೌದೆಂಬುದು ಮುಂದೆ ತಿಳಿದುಬರುವುದು.

ಮೊದಲು ಕಣ್ಣಿನ ಮಾತು. ಗಣಕಯಂತ್ರದ ಪಾತ್ರಕ್ಕೆ ‘ಕಣ್ಣು ಕೊಡುವುದು’ ಎಂದೊಡನೆ ಇಲ್ಲದಿದ್ದ ಶಕ್ತಿಯೊಂದನ್ನು ಹೊಸದಾಗಿ ಸೇರಿಸುವುದೆಂದು ನಾವು ಭಾವಿಸುತ್ತೇವೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಪ್ರೋಗ್ರಾಮಿನ ಪಟ್ಟಿಯಲ್ಲಿ ಪ್ರತಿಯೊಂದು ವಸ್ತುವಿನ ಸ್ಥಾನವೂ ಅಂಕಿಗಳಲ್ಲಿ ಬರೆದಿಟ್ಟಿರುತ್ತದೆ: ಕಳ್ಳನು ಎಲ್ಲಿ ಅಡಗಿದ್ದಾನೆ, ಬಾಗಿಲು ಎಲ್ಲಿದೆ, ಗೋಡೆಯಾಚೆ ಯಾರು ನಡೆಯುತ್ತಿದ್ದಾರೆ, ಎಲ್ಲವೂ. ಕಾವಲುಗಾರನ ಪಾತ್ರವು ಆ ಪಟ್ಟಿಯನ್ನು ನೇರವಾಗಿ ಓದಿದರೆ ಅವನಿಗೆ ಮರೆಯೆಂಬುದೇ ಇಲ್ಲ, ಅವನು ಸರ್ವಜ್ಞ. ಕತ್ತಲೆಯಲ್ಲಿ ಏಳು ಗೋಡೆಗಳ ಹಿಂದೆ ಕುಳಿತ ಕಳ್ಳನ ಕಡೆಗೆ ನೇರವಾಗಿ ನಡೆದು ಬರುವ ಕಾವಲುಗಾರನನ್ನು ಕಂಡರೆ ನಮಗೆ ಅವನು ಮನುಷ್ಯನೆಂದೇ ತೋರದು. ಬಯಲಾಟದಲ್ಲಿ ಭಾಗವತನಿಗೆ ಕಥೆಯೆಲ್ಲ ಗೊತ್ತು. ಆದರೆ ವೇಷಧಾರಿಯು ತನ್ನ ಹಿಂದೆ ಶತ್ರು ಬಂದು ನಿಂತದ್ದನ್ನು ತಿಳಿಯದವನಂತೆಯೇ ಮಾತನಾಡಬೇಕು; ತಿಳಿದವನಂತೆ ಮಾತನಾಡಿದರೆ ಆಟ ಕೆಟ್ಟಿತು. ಪಾತ್ರಕ್ಕೆ ಕಣ್ಣು ಕೊಡುವುದೆಂದರೆ ಈ ಸರ್ವಜ್ಞತ್ವವನ್ನು ಕಸಿದುಕೊಂಡು, ಅವನು ನಿಂತಲ್ಲಿಂದ ಎಷ್ಟು ತಿಳಿಯಬಹುದೋ ಅಷ್ಟನ್ನೇ ಅವನಿಗೆ ಉಳಿಸುವುದು.

ಇದನ್ನು ಮಾಡುವ ರೀತಿಯು ನಿಮ್ಮ ಗಣಿತದ ಪುಸ್ತಕದಲ್ಲಿಯೇ ಇದೆ. ಕಾವಲುಗಾರನಿಂದ ಕಳ್ಳನು ಪೂರ್ವಕ್ಕೆ ೮ ಮೀಟರು, ಉತ್ತರಕ್ಕೆ ೬ ಮೀಟರು ದೂರದಲ್ಲಿದ್ದಾನೆ ಎನ್ನಿ. ಎಂಟರ ವರ್ಗವೂ ಆರರ ವರ್ಗವೂ ಕೂಡಿ ನೂರು. ನೂರರ ವರ್ಗಮೂಲ ಹತ್ತು. ಕಾವಲುಗಾರನ ದೃಷ್ಟಿಯ ಮಿತಿ ೧೨ ಮೀಟರು ಎಂದಿದ್ದರೆ ದೂರದ ಪರೀಕ್ಷೆಯಲ್ಲಿ ಕಳ್ಳನು ಸಿಕ್ಕಿಬಿದ್ದ. ಬಳಿಕ ಕೋನದ ಪರೀಕ್ಷೆ. ಕಾವಲುಗಾರನ ಮುಖ ನೇರ ಪೂರ್ವಕ್ಕಿದ್ದು, ಎಡಕ್ಕೂ ಬಲಕ್ಕೂ ೬೦ ಅಂಶಗಳವರೆಗೆ ಅವನಿಗೆ ಕಾಣುವುದೆಂದರೆ, ಸುಮಾರು ೩೭ ಅಂಶಗಳಷ್ಟು ಓರೆಯಲ್ಲಿರುವ ಕಳ್ಳನು ಇಲ್ಲಿಯೂ ತಪ್ಪಿಸಿಕೊಳ್ಳಲಾರ. ಕೊನೆಯದಾಗಿ, ಇಬ್ಬರ ನಡುವೆ ಒಂದು ಸರಳರೇಖೆಯನ್ನು ಎಳೆದು ಅದು ಯಾವುದಾದರೂ ಗೋಡೆಯನ್ನು ಛೇದಿಸುವುದೇ ಎಂದು ನೋಡಬೇಕು. ಛೇದಿಸಿದರೆ, ಹಿಂದಿನ ಲೆಕ್ಕಗಳು ಏನೇ ಹೇಳಲಿ, ಕಾವಲುಗಾರನು ಕಾಣನು. ಇಷ್ಟೇ ದೃಷ್ಟಿ. ಸೆಕೆಂಡಿಗೆ ಹಲವು ಸಲ ಈ ಲೆಕ್ಕವನ್ನು ಯಂತ್ರವು ಬೇಸರವಿಲ್ಲದೆ ಮಾಡುತ್ತಿರುತ್ತದೆ.

೧೯೯೮ರಲ್ಲಿ ಬಂದ ‘ಥೀಫ್’ ಎಂಬ ಆಟದಲ್ಲಿ ಇದಕ್ಕೆ ಬೆಳಕಿನ ಲೆಕ್ಕವೂ ಕಿವಿಯ ಲೆಕ್ಕವೂ ಸೇರಿದವು. ನೆರಳಿನಲ್ಲಿ ನಿಂತವನು ಕಾಣುವುದು ಕಡಿಮೆ. ಕಲ್ಲುಹಾಸಿನ ಮೇಲೆ ಓಡಿದವನ ಸಪ್ಪಳ ದೂರಕ್ಕೆ ಕೇಳುವುದು, ರತ್ನಗಂಬಳಿಯ ಮೇಲೆ ನಡೆದವನದು ಹತ್ತಿರಕ್ಕೂ ಕೇಳದು. ಸಪ್ಪಳ ಕೇಳಿದ ಕಾವಲುಗಾರನು ಬಂದು ಹುಡುಕುತ್ತಾನೆ, ಏನೂ ಸಿಗದೆ ಗೊಣಗಿಕೊಂಡು ಮರಳುತ್ತಾನೆ. ಆಟಗಾರನು ಉಸಿರು ಬಿಗಿಹಿಡಿದು ಕುಳಿತಿರುತ್ತಾನೆ. ಕಾವಲುಗಾರನಿಗೆ ತಪ್ಪು ಮಾಡುವ ಅವಕಾಶವಿದ್ದುದರಿಂದಲೇ ಅಲ್ಲವೆ, ಅಲ್ಲಿ ಸ್ವಾರಸ್ಯ ಹುಟ್ಟಿದ್ದು?

ಅಲ್ಪ ದೃಷ್ಟಿಯಿಂದ ಎಂತಹ ದೊಡ್ಡ ಫಲ ದೊರೆಯಬಹುದೆಂಬುದನ್ನು ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಎಂಬವರು ೧೯೮೭ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ತೋರಿಸಿಕೊಟ್ಟರು. ಅವರು ಗಣಕಯಂತ್ರದಲ್ಲಿ ಹಕ್ಕಿಗಳ ಹಿಂಡನ್ನು ಹಾರಿಸಿದರು. ಹಿಂಡಿಗೆ ನಾಯಕನಿಲ್ಲ, ನಕಾಶೆಯಿಲ್ಲ. ಪ್ರತಿಯೊಂದು ಹಕ್ಕಿಯೂ ತನ್ನ ಸಮೀಪದ ಕೆಲವು ಹಕ್ಕಿಗಳನ್ನು ಮಾತ್ರ ಕಾಣುತ್ತದೆ. ಅವುಗಳಿಗೆ ಢಿಕ್ಕಿ ಹೊಡೆಯದಂತೆ ಸರಿಯುತ್ತದೆ, ಅವು ಹೋಗುವ ದಿಕ್ಕಿಗೆ ತಾನೂ ತಿರುಗುತ್ತದೆ, ಅವುಗಳ ನಡುವಣ ಸ್ಥಾನದತ್ತ ತುಸು ವಾಲುತ್ತದೆ. ಈ ಮೂರು ವಿಧಿಗಳಿಂದಲೇ ಸಂಜೆಯ ಆಕಾಶದಲ್ಲಿ ನಾವು ಕಾಣುವ ಹಿಂಡಿನ ಹೊರಳಾಟವೆಲ್ಲ ಮೂಡಿಬಂತು. ಕಂಬ ಎದುರಾದಾಗ ಹಿಂಡು ಎರಡಾಗಿ ಒಡೆದು ಮತ್ತೆ ಒಂದಾಯಿತು. ೧೯೯೨ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದ ಬಾವಲಿಗಳ ಹಿಂಡು ಈ ವಿಧಾನದಿಂದಲೇ ಹುಟ್ಟಿದ್ದು. ಇದಕ್ಕೆ ಪ್ರಕೃತಿಯೇ ಮುಂದೆ ಒಂದು ತಿದ್ದುಪಡಿಯನ್ನು ಕೊಟ್ಟಿತು. ರೋಮ್ ನಗರದ ಆಕಾಶದಲ್ಲಿ ಹಾರುವ ಸ್ಟಾರ್ಲಿಂಗ್ ಹಕ್ಕಿಗಳ ಸಾವಿರಾರು ಸ್ಥಾನಗಳನ್ನು ಛಾಯಾಚಿತ್ರಗಳಿಂದ ಅಳೆದ ಇಟಲಿಯ ವಿಜ್ಞಾನಿಗಳು, ಒಂದು ಹಕ್ಕಿಯು ಇಷ್ಟು ಮೀಟರಿನೊಳಗಿನವರನ್ನೆಲ್ಲ ಗಮನಿಸುವುದಿಲ್ಲ, ದೂರ ಎಷ್ಟೇ ಇರಲಿ ತನಗೆ ಹತ್ತಿರದ ಆರೇಳು ಹಕ್ಕಿಗಳನ್ನು ಗಮನಿಸುತ್ತದೆ ಎಂದು ೨೦೦೮ರಲ್ಲಿ ಪ್ರಕಟಿಸಿದರು. ಕಣ್ಣಿನ ಮಿತಿಯಂತೆಯೇ ಗಮನದ ಮಿತಿಯೂ ಒಂದುಂಟು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಭಾವಗಳ ವಿಚಾರ. ರೆನಾಲ್ಡ್ಸರ ಹಕ್ಕಿಗಳಿಗೆ ಹಸಿವಿರಲಿಲ್ಲ, ಹೆದರಿಕೆಯಿರಲಿಲ್ಲ. ಕೆನಡಾದ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಶಿಯಾವ್‌ಯುವಾನ್ ತು ಎಂಬ ವಿದುಷಿಯೂ ಅವರ ಗುರು ಡೆಮಿಟ್ರಿ ಟೆರ್ಜೊಪೌಲಸರೂ ೧೯೯೪ರಲ್ಲಿ ಸೃಷ್ಟಿಸಿದ ಕೃತಕ ಮೀನುಗಳಿಗೆ ಅವೆರಡೂ ಇದ್ದವು. ಈ ಮೀನಿನ ದೇಹವು ೨೩ ಬಿಂದುಗಳನ್ನು ೯೧ ಸ್ಪ್ರಿಂಗುಗಳಿಂದ ಹೆಣೆದ ಬಲೆ. ಕೆಲವು ಸ್ಪ್ರಿಂಗುಗಳು ಸ್ನಾಯುಗಳಂತೆ ಕುಗ್ಗಿ ಹಿಗ್ಗಿ, ಬಾಲವು ನೀರನ್ನು ಹಿಂದಕ್ಕೆ ತಳ್ಳಿ, ಮೀನು ಮುಂದೆ ಸಾಗುತ್ತಿತ್ತು. ಅದರ ದೃಷ್ಟಿಕ್ಷೇತ್ರ ೩೦೦ ಅಂಶಗಳಷ್ಟು ವಿಶಾಲ. ಬೆನ್ನ ಹಿಂದೆ ಮಾತ್ರ ಕುರುಡು. ಮನಸ್ಸೆಂಬುದೋ ಮೂರೇ ಸಂಖ್ಯೆಗಳು: ಹಸಿವು, ಸಂಗಾತಿಯ ಬಯಕೆ, ಭಯ. ಒಂದೊಂದೂ ಸೊನ್ನೆಯಿಂದ ಒಂದರವರೆಗೆ ಏರಿಳಿಯುತ್ತಿತ್ತು.

ಇವುಗಳಲ್ಲಿ ಭಯದ ಲೆಕ್ಕವು ಮನನೀಯವಾಗಿದೆ. ತಿನ್ನಬರುವ ದೊಡ್ಡ ಮೀನು ಕಣ್ಣಿಗೆ ಬಿದ್ದರೆ, ಒಂದು ನಿಶ್ಚಿತ ಸಂಖ್ಯೆಯನ್ನು ಅದರ ದೂರದಿಂದ ಭಾಗಿಸಬೇಕು. ಬಂದ ಫಲವೇ ಭಯ, ಒಂದನ್ನು ಮೀರಿದರೆ ಒಂದೆಂದೇ ಎಣಿಕೆ. ನಿಶ್ಚಿತ ಸಂಖ್ಯೆ ೨ ಎಂದಾದರೆ, ಹತ್ತು ಮಾರು ದೂರದ ಶತ್ರುವಿನಿಂದ ಭಯ ೦.೨, ನಾಲ್ಕು ಮಾರಿಗೆ ಬಂದಾಗ ೦.೫, ಎರಡು ಮಾರಿಗೆ ಬಂದಾಗ ಪೂರ್ಣ ೧. (ಈ ಅಂಕಿಗಳು ವಿವರಣೆಗಾಗಿ ನಾನು ಇಟ್ಟುಕೊಂಡವು.) ಆ ಸಂಖ್ಯೆಯನ್ನು ೨ರ ಬದಲು ೫ ಎಂದು ಇಟ್ಟರೆ ಅದೇ ಮೀನು ಪುಕ್ಕಲಾಗುತ್ತದೆ, ಐದು ಮಾರು ದೂರದಲ್ಲಿ ಶತ್ರು ಕಂಡರೂ ತತ್ತರಿಸುತ್ತದೆ. ಧೈರ್ಯ, ಪುಕ್ಕಲುತನಗಳೆಂಬ ಸ್ವಭಾವಭೇದವು ಒಂದೇ ಅಂಕಿಯಲ್ಲಿ ಅಡಗಿ ಕುಳಿತಿದೆ! ಆದರೆ ಒಂದನ್ನು ಗಮನಿಸಿರಿ: ಶತ್ರುವು ಬೆನ್ನ ಹಿಂದಿನ ಕುರುಡು ಭಾಗದಿಂದ ಬಂದರೆ ಎಷ್ಟು ಹತ್ತಿರ ಬಂದರೂ ಭಯ ಸೊನ್ನೆಯೇ. ಅಪಾಯವು ಭಯವನ್ನು ಹುಟ್ಟಿಸುವುದಿಲ್ಲ. ಕಂಡ ಅಪಾಯವು ಮಾತ್ರ ಭಯವನ್ನು ಹುಟ್ಟಿಸುತ್ತದೆ. ಇಂದ್ರಿಯವೂ ಭಾವವೂ ಒಂದನ್ನೊಂದು ಬಿಟ್ಟಿರಲಾರವು.

ಮೂರು ಸಂಖ್ಯೆಗಳು ಪರಸ್ಪರ ಜಗಳಕ್ಕಿಳಿದರೆ ಏನಾಗುತ್ತದೆ? ಹಸಿವು ಒಂದು ಕಡೆ ಎಳೆದು ಭಯ ಇನ್ನೊಂದು ಕಡೆ ತಳ್ಳಿದರೆ ಮೀನು ಮುಂದಕ್ಕೊಂದು ಹೆಜ್ಜೆ, ಹಿಂದಕ್ಕೊಂದು ಹೆಜ್ಜೆ ಇಡುತ್ತ ಅಲ್ಲಿಯೇ ನಡುಗುತ್ತ ನಿಂತುಬಿಡುವ ಸಂಭವವಿದೆ. ಇದನ್ನು ತಡೆಯಲು ಆ ಸಂಶೋಧಕರು ಮೀನಿಗೆ ಚಿಕ್ಕದೊಂದು ನೆನಪನ್ನು ಕೊಟ್ಟರು: ಅಡ್ಡಿಯೊಂದು ಬಂದು ಹೋದ ಬಳಿಕ, ತಾನು ಹಿಂದೆ ಏನು ಮಾಡುತ್ತಿದ್ದೆನೆಂಬುದನ್ನು ಜ್ಞಾಪಿಸಿಕೊಂಡು ಅದನ್ನೇ ಮುಂದುವರಿಸುವಷ್ಟು. ಹಟ, ಪಟ್ಟು ಎಂದು ನಾವು ಹೇಳುವ ಗುಣದ ಬೀಜ ಇದೇ ಇರಬಹುದೆಂದು ನನಗೆ ಅನ್ನಿಸುತ್ತದೆ.

೨೦೦೦ನೆಯ ಇಸವಿಯ ಫೆಬ್ರವರಿಯಲ್ಲಿ ಬಂದ ‘ದಿ ಸಿಮ್ಸ್’ ಆಟವನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ವಿಲ್ ರೈಟ್ ರಚಿಸಿದ ಅದರ ಮನುಷ್ಯಪಾತ್ರಗಳಿಗೆ ಹಸಿವು, ನಿದ್ರೆ, ಶೌಚ, ಶುಚಿತ್ವ, ವಿನೋದ, ಸ್ನೇಹ ಮೊದಲಾದ ಎಂಟು ಅಗತ್ಯಗಳು. ಅವುಗಳಲ್ಲಿ ಹೆಚ್ಚಿನವು ಕಾಲ ಕಳೆದಂತೆ ತಾವಾಗಿ ಇಳಿಯುತ್ತವೆ. ಅಲ್ಲಿಯ ಚಮತ್ಕಾರವೆಂದರೆ ಮನುಷ್ಯನಿಗೆ ಏನೂ ತಿಳಿದಿಲ್ಲ, ತಿಳಿವಳಿಕೆಯೆಲ್ಲ ವಸ್ತುಗಳಲ್ಲಿದೆ. ಅನ್ನವಿಟ್ಟ ಪೆಟ್ಟಿಗೆಯು ‘ನಾನು ಹಸಿವನ್ನು ಇಷ್ಟು ನೀಗುತ್ತೇನೆ’ ಎಂದು ಸಾರುತ್ತಿರುತ್ತದೆ, ಹಾಸಿಗೆಯು ‘ನಾನು ಆಯಾಸವನ್ನು ಇಷ್ಟು ಕಳೆಯುತ್ತೇನೆ’ ಎಂದು ಕೂಗುತ್ತಿರುತ್ತದೆ. ಸಂತೆಯ ನಡುವೆ ನಿಂತ ಹಳ್ಳಿಗನಂತೆ ಪಾತ್ರವು ತನಗೆ ಬೇಕಾದ ಕೂಗಿನ ಕಡೆಗೆ ನಡೆಯುತ್ತದೆ.

ಆದರೆ ಹಸಿವು, ಆಯಾಸಗಳು ದೇಹಧರ್ಮಗಳು. ನಾಚಿಕೆ, ಕೃತಜ್ಞತೆ, ನಿರಾಶೆಗಳನ್ನು ಲೆಕ್ಕಕ್ಕೆ ಇಳಿಸುವುದೆಂತು? ೧೯೮೮ರಲ್ಲಿ ಆರ್ಟನಿ, ಕ್ಲೋರ್, ಕಾಲಿನ್ಸ್ ಎಂಬ ಮೂವರು ಪಂಡಿತರು ಮಾನವಭಾವಗಳನ್ನು ೨೨ ಬಗೆಗಳಾಗಿ ವಿಂಗಡಿಸಿದರು. ನಮ್ಮ ಮುಂದೆ ಬರುವುದನ್ನು ನಾವು ಮೂರು ರೀತಿಯಲ್ಲಿ ತೂಗುತ್ತೇವೆಂಬುದು ಅವರ ಮತ: ಘಟನೆಯಾಗಿ, ಅದು ನನ್ನ ಇಷ್ಟಾರ್ಥಕ್ಕೆ ಅನುಕೂಲವೋ ಪ್ರತಿಕೂಲವೋ; ಒಬ್ಬರ ಕೃತ್ಯವಾಗಿ, ಅದು ಮೆಚ್ಚತಕ್ಕದ್ದೋ ನಿಂದಿಸತಕ್ಕದ್ದೋ; ವಸ್ತುವಾಗಿ, ಅದು ಹಿತವೋ ಅಹಿತವೋ. ಉದಾಹರಣೆಗೆ, ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾದಿರುವ ಹುಡುಗಿಯನ್ನು ನೆನೆಯಿರಿ. ಅನಿಷ್ಟ ಸಂಭವಿಸೀತೆಂಬ ನಿರೀಕ್ಷೆ ಭಯ; ಸಂಭವಿಸಲಿಲ್ಲವೆಂದು ತಿಳಿದ ಕ್ಷಣದಲ್ಲಿ ಅದೇ ನೆಮ್ಮದಿ. ಇಷ್ಟವಾದದ್ದು ಆದೀತೆಂಬುದು ಆಸೆ, ಆಗಲಿಲ್ಲವೆಂದರೆ ನಿರಾಶೆ. ಆ ಅನಿಷ್ಟಕ್ಕೆ ಇನ್ನೊಬ್ಬರ ಕೃತ್ಯ ಕಾರಣವೆಂದು ತೋರಿದರೆ ದುಃಖದೊಡನೆ ನಿಂದೆ ಬೆರೆತು ಕೋಪವಾಗುತ್ತದೆ. ಹೀಗೆ ಬರೆದಿಟ್ಟ ಮೇಲೆ ಯಂತ್ರಕ್ಕೆ ಅನುಸರಿಸುವುದು ಕಷ್ಟವಲ್ಲ. ಅನೇಕ ಕೃತಕ ಪಾತ್ರಗಳ ‘ಮನಸ್ಸು’ ಈ ಪಟ್ಟಿಯಿಂದಲೇ ಕಟ್ಟಲ್ಪಟ್ಟಿದೆ.

ಭಾವಗಳನ್ನು ಎಣಿಸುವ ಈ ಹವ್ಯಾಸ ನಮ್ಮ ದೇಶಕ್ಕೆ ಹೊಸತೇನಲ್ಲ. ಭರತನ ನಾಟ್ಯಶಾಸ್ತ್ರವು ಎಂಟು ಸ್ಥಾಯಿಭಾವಗಳು, ಮೂವತ್ತಮೂರು ವ್ಯಭಿಚಾರಿಭಾವಗಳು, ಬೆವರು, ರೋಮಾಂಚ, ನಡುಕ, ಕಣ್ಣೀರು ಮೊದಲಾದ ಎಂಟು ಸಾತ್ತ್ವಿಕಭಾವಗಳು, ಒಟ್ಟು ನಾಲ್ವತ್ತೊಂಬತ್ತನ್ನು ಹೇಳುತ್ತದೆ. ಭಾವಕ್ಕೆ ಕಾರಣವಾದುದನ್ನು ವಿಭಾವವೆಂದೂ ಹೊರಗೆ ಕಾಣುವ ಅದರ ಕಾರ್ಯವನ್ನು ಅನುಭಾವವೆಂದೂ ಅದು ಬೇರ್ಪಡಿಸಿತು. ಕಂಡ ಶತ್ರು, ಏರಿದ ಅಂಕಿ, ಓಡಿದ ಮೀನು ಎಂಬ ನಮ್ಮ ಮೂರು ಮೆಟ್ಟಿಲುಗಳಿಗೂ ಇದಕ್ಕೂ ಇರುವ ಹೋಲಿಕೆ ಆಶ್ಚರ್ಯಕರ. ಅದಕ್ಕಿಂತ ಮುಖ್ಯವಾದದ್ದು, ರಸವು ಸಹೃದಯನಾದ ಪ್ರೇಕ್ಷಕನಲ್ಲಿ ನೆಲೆಸುತ್ತದೆಯೆಂದು ಅಭಿನವಗುಪ್ತನು ವಿವರಿಸಿದ ವಿಚಾರ. ೧೯೪೪ರಲ್ಲಿ ಅಮೆರಿಕದಲ್ಲಿ ಹೈಡರ್, ಸಿಮ್ಮೆಲ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಒಂದು ಚಿಕ್ಕ ಚಲಚ್ಚಿತ್ರವನ್ನು ತೋರಿಸಿದರು. ಅದರಲ್ಲಿ ಎರಡು ತ್ರಿಕೋನಗಳು ಮತ್ತು ಒಂದು ವೃತ್ತ ಒಂದು ಆಯತದ ಸುತ್ತಮುತ್ತ ಚಲಿಸುತ್ತವೆ, ಬೇರೇನೂ ಇಲ್ಲ. ಏನು ಕಂಡಿರೆಂದು ಕೇಳಿದ ಮೊದಲ ತಂಡದ ೩೪ ಜನರಲ್ಲಿ ಒಬ್ಬರು ಮಾತ್ರ ಅದನ್ನು ರೇಖಾಗಣಿತದ ಆಕೃತಿಗಳ ಚಲನೆಯೆಂದು ವರ್ಣಿಸಿದರು. ನೋಡಿದ ಹಲವರಿಗೆ ದೊಡ್ಡ ತ್ರಿಕೋನವು ಪುಂಡನಂತೆಯೂ ವೃತ್ತವು ಹೆದರಿದ ಜೀವದಂತೆಯೂ ಕಂಡುಬಂದವು. ಓಡುವ ಸೈನಿಕರಲ್ಲಿ ಭಯವನ್ನು ಕಂಡವರೂ ಇದೇ ಕುಲದವರು, ಅಂದರೆ ನಾವೆಲ್ಲರೂ.

ನಾವು ಹೀಗೆ ಓದಿಕೊಳ್ಳುವುದರಿಂದ ನಾಟಕಕ್ಕೆ ಲಾಭವುಂಟು. ಎಲ್ಲ ಕಡೆಯೂ ಲಾಭವಿಲ್ಲ. ಈಗ ಹಿಂದೆ ಸೂಚಿಸಿದ ಪ್ರಾಣದ ವಿಚಾರಕ್ಕೆ ಬರೋಣ.

ರೈಲು ನಿಲ್ದಾಣ, ಕ್ರೀಡಾಂಗಣ, ನಾಟಕಮಂದಿರಗಳನ್ನು ಕಟ್ಟುವ ಮುನ್ನ ಅಲ್ಲಿ ಜನಸಂದಣಿ ಹೇಗೆ ಚಲಿಸೀತೆಂದು ತಿಳಿಯಲು ಯಂತ್ರಶಿಲ್ಪಿಗಳು ಗಣಕದೊಳಗೆ ಕೃತಕ ಜನರನ್ನು ಆ ಮೆಟ್ಟಿಲುಗಳ ಮೇಲೆ ನಡೆಸಿ ನೋಡುತ್ತಾರೆ. ಈ ಶಾಸ್ತ್ರದಲ್ಲಿ ಪ್ರಸಿದ್ಧವಾದ ಲೇಖನವೊಂದನ್ನು ಹೆಲ್ಬಿಂಗ್, ಫಾರ್ಕಾಶ್, ವಿಚೆಕ್ ಎಂಬ ವಿಜ್ಞಾನಿಗಳು ೨೦೦೦ನೆಯ ಇಸವಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಲೆಕ್ಕದ ಒಂದು ಫಲವು ಬುದ್ಧಿಗೆ ವಿರೋಧವಾಗಿ ತೋರುತ್ತದೆ: ಇಕ್ಕಟ್ಟಾದ ಬಾಗಿಲಿನಿಂದ ಹೊರಬೀಳಲು ಪ್ರತಿಯೊಬ್ಬನೂ ಹೆಚ್ಚು ವೇಗವಾಗಿ ಹೋಗಬಯಸಿದಂತೆ, ಒಂದು ಮಿತಿಯ ನಂತರ, ಎಲ್ಲರೂ ಹೊರಬೀಳುವುದು ತಡವಾಗುತ್ತದೆ. ಬಯಸಿದ ವೇಗವು ಸೆಕೆಂಡಿಗೆ ಸುಮಾರು ಒಂದೂವರೆ ಮೀಟರನ್ನು ದಾಟಿದರೆ ಮೈಗೆ ಮೈ ಒತ್ತಿ, ಬಾಗಿಲ ಬಳಿ ಕಮಾನಿನಂತೆ ಜನರು ಸಿಕ್ಕಿಕೊಳ್ಳುತ್ತಾರೆ.

ಅದೇ ಲೇಖನದಲ್ಲಿ ಹೊಗೆ ತುಂಬಿದ ಕೋಣೆಯೊಂದಿದೆ. ಬಾಗಿಲುಗಳು ಯಾರಿಗೂ ಕಾಣವು, ತೀರ ಸಮೀಪಕ್ಕೆ ಹೋದರೆ ಮಾತ್ರ ಕಾಣುತ್ತವೆ. ಪ್ರತಿಯೊಬ್ಬನಿಗೂ ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆಯಿದೆ. ಅದಕ್ಕೆ ಲೇಖಕರು ಕೊಟ್ಟ ಹೆಸರು ದಿಗಿಲು. ಸೊನ್ನೆಯಾದರೆ ಅವನು ತಾನು ಹಿಡಿದ ದಿಕ್ಕಿನಲ್ಲಿಯೇ ನಡೆಯುತ್ತಾನೆ. ಒಂದಾದರೆ ಸುತ್ತಲಿನವರು ಹೋಗುವ ದಿಕ್ಕಿಗೇ ಹೋಗುತ್ತಾನೆ. ನಡುವೆಯಿದ್ದರೆ ಎರಡನ್ನೂ ಬೆರೆಸುತ್ತಾನೆ. ಎಲ್ಲರೂ ಸ್ವತಂತ್ರರಾದಾಗ, ಬಾಗಿಲು ಯಾರಿಗೆ ಅಕಸ್ಮಾತ್ತಾಗಿ ಸಿಕ್ಕಿತೋ ಅವರು ಮಾತ್ರ ಉಳಿಯುತ್ತಾರೆ. ಎಲ್ಲರೂ ಹಿಂಡಾದಾಗ, ಒಂದು ಬಾಗಿಲಿಗೆ ಮುತ್ತಿ ಇನ್ನೊಂದನ್ನು ಬರಿದಾಗಿ ಬಿಡುತ್ತಾರೆ. ಕೆಲವು ಪಾಲು ಹುಡುಕಾಟ, ಕೆಲವು ಪಾಲು ಅನುಕರಣ ಬೆರೆತಾಗಲೇ ಹೆಚ್ಚು ಜನರು ಪಾರಾದರು.

ದಿಗಿಲು ಎಂಬ ಹೆಸರಿಗೆ ಮಾತ್ರ ನನ್ನ ಆಕ್ಷೇಪಣೆಯುಂಟು. ಹೊಗೆಯಲ್ಲಿ ಏನೂ ಕಾಣದವನು ಪಕ್ಕದವನನ್ನು ಹಿಂಬಾಲಿಸುವುದು ಬುದ್ಧಿಗೇಡಿತನವಲ್ಲ. ಪಕ್ಕದವನಿಗೆ ದಾರಿ ಕಂಡಿರಬಹುದೆಂಬ ಊಹೆ. ಅಲ್ಲಿ ಕೆಲಸ ಮಾಡಿದ್ದು ಭಾವಕ್ಕಿಂತ ಹೆಚ್ಚಾಗಿ ದೃಷ್ಟಿಯ ಅಭಾವ. ಈ ಹೆಸರಿನ ಜಗಳ ಕ್ಷುಲ್ಲಕವಲ್ಲ. ೨೦೧೭ನೆಯ ಸೆಪ್ಟೆಂಬರ್ ೨೯ರ ಬೆಳಿಗ್ಗೆ ನಮ್ಮ ನಗರದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ ೨೩ ಜನರು ಮೃತಪಟ್ಟರು. (ಆ ನಿಲ್ದಾಣಕ್ಕೆ ೨೦೧೮ರಿಂದ ಪ್ರಭಾದೇವಿ ಎಂದು ಹೆಸರು.) ಮಳೆ ಸುರಿಯುತ್ತಿತ್ತು, ಜನರು ಸೇತುವೆಯ ಮೇಲೆ ನಿಂತಿದ್ದರು, ಗಾಡಿಗಳಿಂದ ಇಳಿದವರು ಬಂದು ಸೇರುತ್ತಲೇ ಇದ್ದರು. ಇಂತಹ ದುರಂತವಾದೊಡನೆ ‘ಜನರು ಗಾಬರಿಗೊಂಡರು’ ಎಂದು ಬರೆಯುವುದು ವಾಡಿಕೆ. ಆದರೆ ಸಂದಣಿಯನ್ನು ಅಧ್ಯಯನ ಮಾಡಿದವರು ಬೇರೊಂದು ಮಾತನ್ನು ಹೇಳುತ್ತ ಬಂದಿದ್ದಾರೆ: ಮುಂದಿನ ಸಾಲಿನವನು ಉಸಿರುಗಟ್ಟಿ ಕೂಗುತ್ತಿರುವಾಗ ಹಿಂದಿನ ಸಾಲಿನವನಿಗೆ ಅದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ, ಸಾಲು ತುಸು ಸರಿಯಲೆಂದು ಅವನು ಒಂದು ಹೆಜ್ಜೆ ಒತ್ತುತ್ತಾನೆ, ಆ ಒಂದೊಂದು ಹೆಜ್ಜೆ ಕೂಡಿ ಮುಂದೆ ಪ್ರಾಣಾಂತಕವಾಗುತ್ತದೆ. ಒತ್ತಿದವನಲ್ಲಿ ಭಯವೂ ಇಲ್ಲ, ದ್ವೇಷವೂ ಇಲ್ಲ. ದಿನವೂ ಲೋಕಲ್ ಗಾಡಿಯಲ್ಲಿ ಬರುವ ನೀವು ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಹೀಗಿರುವಲ್ಲಿ, ಮೆಟ್ಟಿಲುಗಳನ್ನು ಪರೀಕ್ಷಿಸಲು ಬಿಟ್ಟ ಕೃತಕ ಜನರು ಸರ್ವಜ್ಞರಾಗಿದ್ದರೆ ಏನಾದೀತು? ಕೆಳಗೆ ದಾರಿ ಕಟ್ಟಿದೆಯೆಂದು ಮೇಲಿನವನಿಗೆ ಕೂಡಲೇ ತಿಳಿದು ಅವನು ಇನ್ನೊಂದು ದಾರಿ ಹಿಡಿದಾನು. ಕಾಗದದ ಮೇಲೆ ಆ ಮೆಟ್ಟಿಲು ಸುರಕ್ಷಿತವೆಂದು ತೋರೀತು. ಜನರೆಲ್ಲರೂ ದಿಗಿಲಿನಿಂದ ಬುದ್ಧಿಗೆಡುವವರೆಂದು ಬರೆದಿದ್ದರೆ ಮತ್ತೊಂದು ತಪ್ಪು: ಜನರಿಗೆ ಸುದ್ದಿ ತಿಳಿಸಿ ಪ್ರಯೋಜನವಿಲ್ಲ, ತಡೆಗೋಡೆಗಳನ್ನು ಹಾಕಿರಿ ಎಂಬ ಸಲಹೆ ಅದರಿಂದ ಹೊರಟೀತು. ಕಾಣದವನಿಗೆ ಕಾಣುವಂತೆ ಮಾಡುವುದು, ಮುಂದಿನ ಸುದ್ದಿಯನ್ನು ಹಿಂದಿನವನಿಗೆ ಮುಟ್ಟಿಸುವುದು, ಇದಕ್ಕೆ ತೀರ ವಿರುದ್ಧವಾದ ಉಪಾಯ. ಯಾವುದನ್ನು ಕಟ್ಟುವೆವೆಂಬುದು ಪಾತ್ರದೊಳಗೆ ನಾವು ಕಣ್ಣನ್ನು ಇಟ್ಟೆವೋ, ಬರಿಯ ದಿಗಿಲನ್ನು ಇಟ್ಟೆವೋ ಎಂಬುದರ ಮೇಲೆ ನಿಂತಿದೆ.

ಇತ್ತೀಚಿನ ಬೆಳವಣಿಗೆಯೊಂದನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ೨೦೨೩ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಗೂಗಲ್ ಸಂಸ್ಥೆಯ ಸಂಶೋಧಕರು ೨೫ ಪಾತ್ರಗಳುಳ್ಳ ಒಂದು ಪುಟ್ಟ ಊರನ್ನು ಗಣಕದಲ್ಲಿ ನಿರ್ಮಿಸಿದರು. ಭಾಷೆಯನ್ನು ಹೆಣೆಯಬಲ್ಲ ಹೊಸ ಯಂತ್ರಗಳೇ ಈ ಪಾತ್ರಗಳ ಬುದ್ಧಿ. ಪ್ರತಿ ಪಾತ್ರವೂ ತಾನು ಕಂಡದ್ದನ್ನು ವಾಕ್ಯವಾಗಿ ಬರೆದಿಟ್ಟುಕೊಳ್ಳುತ್ತದೆ. ಆ ನೆನಪಿಗೆ ಒಂದರಿಂದ ಹತ್ತರವರೆಗೆ ಮಹತ್ತ್ವದ ಅಂಕವನ್ನು ಕೊಡುತ್ತದೆ. ಬೇಕಾದಾಗ ಇತ್ತೀಚಿನದು, ಮಹತ್ತ್ವದ್ದು, ಸಂದರ್ಭಕ್ಕೆ ಹೊಂದುವುದು ಎಂಬ ಮೂರು ದೃಷ್ಟಿಗಳಿಂದ ಹಳೆಯ ನೆನಪುಗಳನ್ನು ಹೆಕ್ಕಿ ತೆಗೆಯುತ್ತದೆ. ಒಂದು ಪಾತ್ರಕ್ಕೆ ಔತಣವೊಂದನ್ನು ಏರ್ಪಡಿಸುವ ಆಸೆಯನ್ನು ಮಾತ್ರ ಇತ್ತರು; ಸುದ್ದಿಯು ಬಾಯಿಂದ ಬಾಯಿಗೆ ಹರಡಿ, ಆಮಂತ್ರಣ ಪಡೆದ ಹನ್ನೆರಡರಲ್ಲಿ ಐದು ಪಾತ್ರಗಳು ಸಮಯಕ್ಕೆ ಸರಿಯಾಗಿ ಬಂದು ಸೇರಿದವು. ಬಾರದ ಕೆಲವರು, ನಮ್ಮವರಂತೆಯೇ, ಬೇರೆ ಕೆಲಸವಿದೆಯೆಂದರು! ಹಾಸ್ಯಾಸ್ಪದವಾದ ತಪ್ಪುಗಳೂ ಆದವು: ಒಬ್ಬರೇ ಬಳಸತಕ್ಕ ಸ್ನಾನಗೃಹಕ್ಕೆ, ಒಳಗೆ ಒಬ್ಬರಿರುವಾಗಲೇ ಇನ್ನೊಂದು ಪಾತ್ರ ನುಗ್ಗುತ್ತಿತ್ತು. ಅದು ಒಬ್ಬರಿಗಾಗಿ ಇರುವ ಕೋಣೆಯೆಂಬುದು ಅದರ ಬರಹಕ್ಕೆ ಬಂದಿರಲಿಲ್ಲ. ಮಾತು ಎಷ್ಟು ಬೆಳೆದರೂ ಕಣ್ಣಿನ ತೊಡಕು ಹಾಗೆಯೇ ಉಳಿದಿತ್ತು.

ಇವು ದುಃಖದ ಮಾತನ್ನು ಆಡಿದಾಗ ಒಳಗೆ ದುಃಖವಿದೆಯೆ? ಮೀನಿನ ೦.೫ ಎಂಬ ಭಯವನ್ನು ಮೀನು ಅನುಭವಿಸುತ್ತದೆಯೆಂದು ನಂಬಲು ನನಗೆ ಯಾವ ಆಧಾರವೂ ಕಾಣದು. ಮಾತನಾಡುವ ಪಾತ್ರಗಳ ವಿಷಯದಲ್ಲಿ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನಮ್ಮ ಪ್ರತಿಕ್ರಿಯೆಯ ವಿಷಯದಲ್ಲಿ ಮಾತ್ರ ವಾದಕ್ಕೆ ಎಡೆಯಿಲ್ಲ. ಜೋಸೆಫ್ ವೈಜೆನ್‌ಬಾಮ್ ೧೯೬೬ರಲ್ಲಿ ಪ್ರಕಟಿಸಿದ ‘ಎಲೈಜಾ’ ಎಂಬ ಪ್ರೋಗ್ರಾಮು, ಎದುರಿಗಿದ್ದವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅಷ್ಟೆ. ಅದನ್ನು ಅವರು ತಿಂಗಳುಗಟ್ಟಲೆ ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಸಂಭಾಷಣೆಗೆ ಕುಳಿತಾಗ, ಸ್ವಲ್ಪ ಹೊತ್ತಿನ ಬಳಿಕ, ದಯವಿಟ್ಟು ಕೋಣೆಯಿಂದ ಹೊರಗೆ ಹೋಗುವಿರಾ ಎಂದು ಅವರನ್ನು ಕೇಳಿಕೊಂಡರಂತೆ.

ಗಣಕಯಂತ್ರವಿಲ್ಲದೆಯೇ ನೀವು ಇದನ್ನು ಪರೀಕ್ಷಿಸಿ ನೋಡಬಹುದು. ಗಣಿತದ ಚೌಕಳಿ ಕಾಗದದಲ್ಲಿ ಹತ್ತು ಮನೆ ಉದ್ದ, ಹತ್ತು ಮನೆ ಅಗಲದ ಅಂಗಣವೊಂದನ್ನು ಗುರುತಿಸಿ, ನಡುವೆ ನಾಲ್ಕು ಮನೆಗಳ ಗೋಡೆಯೊಂದನ್ನು ಎಳೆಯಿರಿ. ಒಂದು ನಾಣ್ಯ ಬೆಕ್ಕು, ಇನ್ನೊಂದು ಇಲಿ. ಒಂದು ಮೂಲೆಯಲ್ಲಿ ಕಡಲೆಕಾಳು. ಬೆಕ್ಕನ್ನು ಒಬ್ಬರು ತಮ್ಮ ಇಚ್ಛೆಯಂತೆ ಒಂದೊಂದು ಮನೆ ನಡೆಸಲಿ. ಇಲಿಯನ್ನು ಮಾತ್ರ ವಿಧಿಯಂತೆ ನಡೆಸಬೇಕು. ಬೆಕ್ಕು ತನ್ನದೇ ಅಡ್ಡಸಾಲಿನಲ್ಲಿಯೋ ಕಂಬಸಾಲಿನಲ್ಲಿಯೋ ಇದ್ದು, ನಡುವೆ ಗೋಡೆಯಿಲ್ಲದಿದ್ದರೆ ಮಾತ್ರ ಇಲಿಗೆ ಅದು ಕಂಡಿತು. ಕಂಡೊಡನೆ ಭಯ ೫. ಕಾಣದ ಪ್ರತಿ ಸರದಿಗೂ ಭಯದಲ್ಲಿ ಒಂದು ಕಳೆಯಿರಿ. ಭಯವು ಸೊನ್ನೆಗಿಂತ ಹೆಚ್ಚಿದ್ದರೆ, ಬೆಕ್ಕು ಕಾಣುತ್ತಿರುವಾಗ ಇಲಿ ಅದರಿಂದ ದೂರ ಸರಿಯಲಿ, ಕಾಣದಿರುವಾಗ ಇದ್ದಲ್ಲಿಯೇ ಇರಲಿ. ಸೊನ್ನೆಯಾದ ಮೇಲೆ ಕಾಳಿನ ಕಡೆಗೆ ನಡೆಯಲಿ. ಮೊದಲು ಹೀಗೆ ಆಡಿರಿ; ಆಮೇಲೆ ಗೋಡೆಯಾಚೆಗಿನ ಬೆಕ್ಕನ್ನೂ ಇಲಿಯು ಕಾಣುವಂತೆ ವಿಧಿಯನ್ನು ಬದಲಿಸಿ ಆಡಿರಿ. ವಿಧಿಗಳನ್ನು ಅರಿಯದ ಮೂರನೆಯ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಇಲಿಯು ಗೋಡೆಯ ಮರೆಯಲ್ಲಿ ಸುಮ್ಮನೆ ನಿಂತಾಗಲೆಲ್ಲ ಅದು ಏಕೆ ನಿಂತಿತೆಂದು ಕೇಳಿ, ಎರಡು ಆಟಗಳಲ್ಲಿಯೂ ಅವನು ಕೊಟ್ಟ ಉತ್ತರಗಳನ್ನು ಅವನದೇ ಮಾತುಗಳಲ್ಲಿ ಬರೆದಿಟ್ಟುಕೊಳ್ಳಿರಿ.